ನಾರು ಕಟ್ಟಿದ ಕೊನೆಯ ಅಧ್ಯಾಯ

ಮಡಂತ್ಯಾರಿನ ಗ್ರಂಥಾಲಯದಲ್ಲಿ ಪತ್ತೇದಾರಿ ಕಾದಂಬರಿಗಳಿಗೆ ಒಂದೇ ಕಪಾಟು, ಪ್ರತಿ ಕಾದಂಬರಿಗೂ ಒಂದೇ ಪ್ರತಿ. ಅವುಗಳ ಹುಚ್ಚು ಹಿಡಿದವರು ನಾಲ್ಕು ಮಂದಿ. ಗ್ರಂಥಪಾಲಕಿ ಸರಸಳೂ ಸೇರಿದರೆ ಐವರು. ಹಾಗಾಗಿ ಸರಸ ಒಂದು ಕ್ರಮ ಮಾಡಿದ್ದಳು. ಪುಸ್ತಕ ಮನೆಯಿಂದ ಮನೆಗೆ ಹೋಗಬೇಕು, ಒಬ್ಬೊಬ್ಬರಿಗೆ ಒಂದೊಂದು ವಾರ; ಶನಿವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಸೇರಿ, ಚಹಾ ಕುಡಿದು, ಮುಂದಿನವರ ಕೈಗೆ ಕೊಡಬೇಕು. ಆದರೆ ಕೊನೆಯ ಅಧ್ಯಾಯವನ್ನು ಮನೆಯಲ್ಲಿ ಯಾರೂ ಓದುವಂತಿಲ್ಲ. ಪುಸ್ತಕ ಹೊರಡುವ ಮುಂಚೆ ಸರಸ ತಾನೂ ಆ ಪುಟಗಳನ್ನು ನೋಡದೆ, ಬಾಳೆನಾರನ್ನು ನೀರಲ್ಲಿ ನೆನೆಸಿ, ಮಲ್ಲಿಗೆ ಕಟ್ಟುವಷ್ಟು ನಾಜೂಕಾಗಿ ಅವನ್ನು ಸುತ್ತಿ ಗಂಟು ಹಾಕುತ್ತಿದ್ದಳು. ಎಲ್ಲರ ಸರದಿ ಮುಗಿದ ಶನಿವಾರ ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ಕೂತು ತಮ್ಮ ತಮ್ಮ ಸಂಶಯ ಹೇಳಬೇಕು. ಆಮೇಲೆ ನಾರು ಬಿಚ್ಚಿ, ಉಳಿದದ್ದನ್ನು ಅವಳು ಗಟ್ಟಿಯಾಗಿ ಓದುತ್ತಿದ್ದಳು.

ಈ ಶನಿವಾರಗಳಿಗಾಗಿ, ಆ ನಾಲ್ವರಲ್ಲಿ ಒಬ್ಬನಾದ ಇದಿನಬ್ಬ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸುತ್ತಿದ್ದ. "ಮದುವೆಗೆ ಹೋಗುವಾಗ ಸಹ ಇಷ್ಟು ಚಂದ ಮಾಡಿಕೊಳ್ಳುವುದಿಲ್ಲ ನೀವು" ಎಂದು ಹೆಂಡತಿ ನಫೀಸಮ್ಮ ನಗುತ್ತಿದ್ದಳು. ಅವನು ಅತ್ತರು ಹಚ್ಚಿಕೊಂಡು ಹೊರಡುತ್ತಿದ್ದ.

ಅವನು ಕನ್ಯಾನದವನು. ನಾಲ್ಕನೇ ಕ್ಲಾಸು ಮುಗಿಸಿ, ವಿಟ್ಲದಲ್ಲಿ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆಯ ಥಾನು ಹೊತ್ತು, ಮೀಸೆ ದಪ್ಪವಾಗುವ ಹೊತ್ತಿಗೆ ಗಲ್ಫಿನ ದಮ್ಮಾಮಿಗೆ ಹೋದ. ಅಲ್ಲಿ ಕಟ್ಟಡ ಕಂಪೆನಿಯೊಂದರ ಸ್ಟೋರಿನಲ್ಲಿ ಕೆಲಸ. ಬೆಳಿಗ್ಗೆ ಸಾಮಾನು ಕೊಡುವುದು, ಸಂಜೆ ಸಾಮಾನು ಎಣಿಸಿ ಒಳಗಿಡುವುದು. ನಡುವಿನ ಹೊತ್ತು ಮರುಭೂಮಿಯಷ್ಟೇ ಉದ್ದ. ಆ ಹೊತ್ತನ್ನು ಕಳೆಯಲಿಕ್ಕೆ ಅವನಿಗೆ ಸಿಕ್ಕಿದ್ದು ಊರಿನವರ ರೂಮಿನಿಂದ ರೂಮಿಗೆ ತಿರುಗುತ್ತಿದ್ದ ಕನ್ನಡ ಪತ್ತೇದಾರಿ ಕಾದಂಬರಿಗಳು. ಶಾಲೆಯಲ್ಲಿ ಕಲಿಯದ ಕನ್ನಡವನ್ನು ಅವನು ಕಲಿತದ್ದು ಕೊಲೆಗಾರರಿಂದ ಎಂದು ತಾನೇ ತಮಾಷೆ ಮಾಡುತ್ತಿದ್ದ. ಆ ಪುಸ್ತಕಗಳು ಎಷ್ಟು ಕೈ ದಾಟಿ ಬರುತ್ತಿದ್ದವೆಂದರೆ ಹೆಚ್ಚಿನವಕ್ಕೆ ರಟ್ಟೇ ಇರುತ್ತಿರಲಿಲ್ಲ, ಕೊನೆಯ ಹಾಳೆಗಳೂ ಇರುತ್ತಿರಲಿಲ್ಲ. ಕೊಂದವನು ಯಾರೆಂದು ಅವನೇ ಯೋಚಿಸಿ ತೀರ್ಮಾನಿಸಬೇಕಾಗಿತ್ತು. ಸೀಮೆಂಟು ಚೀಲಗಳ ಮೇಲೆ ಕೂತು, ಹಿಂದಕ್ಕೂ ಮುಂದಕ್ಕೂ ಹಾಳೆ ಮಗುಚಿ, ಯಾರು ಎಲ್ಲಿ ಸುಳ್ಳು ಹೇಳಿದರೆಂದು ಹುಡುಕಿ, ಒಬ್ಬನನ್ನು ಹಿಡಿಯುತ್ತಿದ್ದ. ಹಿಡಿದದ್ದು ಸರಿಯೋ ತಪ್ಪೋ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಗಲ್ಫ್ ಬಿಟ್ಟು ಬಂದು ಮಡಂತ್ಯಾರಿನಲ್ಲಿ ಮನೆ ಮಾಡಿದ ಮೇಲೆ, ಒಂದು ದಿನ ಪೇಪರ್ ಓದಲು ಗ್ರಂಥಾಲಯಕ್ಕೆ ಹೋದವನಿಗೆ ಈ ಗುಂಪು ಸಿಕ್ಕಿತು. ಅವನು ಊಹೆ ಹೇಳಿ, ಸರಸ ನಾರು ಬಿಚ್ಚಿ ಓದಿ, ಅವನು ಹೇಳಿದವನೇ ಸಿಕ್ಕಿಬಿದ್ದ ಮೊದಲ ಶನಿವಾರ ಅವನು ಊಟ ಮಾಡಲೂ ಮರೆತಿದ್ದ. ಅರ್ಧ ಆಯುಷ್ಯದ ಲೆಕ್ಕಕ್ಕೆ ಕೊನೆಗೊಮ್ಮೆ ಯಾರೋ ಸರಿ ಗುರುತು ಹಾಕಿದ ಹಾಗೆ ಆಗಿತ್ತು.

ಗುಂಪಿನಲ್ಲಿ ದೊಡ್ಡ ಬಾಯಿ ಮುಂಡಪ್ಪನದು. ಬ್ಯಾಂಕಿನಿಂದ ನಿವೃತ್ತನಾಗಿ ಅಳದಂಗಡಿಯಲ್ಲಿದ್ದ. ಪುಸ್ತಕ ಯಾವುದೇ ಇರಲಿ, ಅವನ ಸಂಶಯ ಸತ್ತವನ ಅಕ್ಕನ ಮಗನ ಮೇಲೆ.

"ಮಾವ ಸತ್ರೆ ಆಸ್ತಿ ಯಾರಿಗೆ ಹೋಗುವುದು? ಅಳಿಯನಿಗೆ. ಮತ್ತೆ ಕೊಂದದ್ದು ಯಾರು? ಅದಕ್ಕೆ ಪುಸ್ತಕ ಓದಬೇಕಾ ಮಾರಾಯ್ರೇ?"

"ಮುಂಡಪ್ಪಣ್ಣ, ಇದು ಧಾರವಾಡದ ಮನೆಯ ಕಥೆ. ಅಲ್ಲಿ ನಮ್ಮ ಹಾಗೆ ಅಳಿಯಕಟ್ಟು ಇಲ್ಲ, ಆಸ್ತಿ ಮಕ್ಕಳಿಗೇ" ಎನ್ನುತ್ತಿದ್ದಳು ಸರಸ.

"ಇಲ್ಲದಿದ್ರೇನು? ಅಳಿಯನ ಬುದ್ಧಿ ಎಲ್ಲಿಯಾದ್ರೂ ಅಳಿಯನದ್ದೇ."

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸುಪ್ರೀತಾ ಎಲ್ಲರಿಗಿಂತ ಚಿಕ್ಕವಳು. ವಿಷದ ವಿಷಯ ಬಂದರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ನಾಲ್ಕನೆಯವಳು ಜಲಜಾಕ್ಷಿ. ಪೇಟೆಯಲ್ಲಿ ಅವರದ್ದೊಂದು ಹೋಟೆಲು. ಬೆಳಿಗ್ಗೆಯಿಂದ ಸಂಜೆಯ ತನಕ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವಳು, ಶನಿವಾರ ಮಧ್ಯಾಹ್ನ ಮಾತ್ರ ಗಂಡನನ್ನು ಅಲ್ಲಿ ಕೂರಿಸಿ ಎದ್ದು ಬರುತ್ತಿದ್ದಳು. ಕಥೆಯಲ್ಲಿ ಯಾರಾದರೂ ಹೆಣ್ಣುಮಕ್ಕಳು ಕಷ್ಟದಲ್ಲಿ ಸಿಕ್ಕಿದರೆ ಅವಳ ಸೆರಗು ಕಣ್ಣಿಗೆ ಹೋಗುತ್ತಿತ್ತು. ಪುಸ್ತಕದ ಸರದಿಯಲ್ಲಿ ಅವಳು ಮೂರನೆಯವಳು. ಅವಳ ಕೈಯಿಂದ ಪುಸ್ತಕ ಕೊನೆಯದಾಗಿ ಇದಿನಬ್ಬನ ಕೈಗೆ ಬರುತ್ತಿತ್ತು.

ಮಳೆಗಾಲ ಮುಗಿಯುವಾಗ ಓದಿದ ಕಾದಂಬರಿಯಲ್ಲಿ ಅಂಥದೇ ಕಷ್ಟ ಇತ್ತು. ಮೀನಿನ ವ್ಯಾಪಾರಿಯ ಕೊಲೆಯನ್ನು ಕಣ್ಣಾರೆ ಕಂಡ ಹುಡುಗಿಯೊಬ್ಬಳನ್ನು ಯಾರೋ ಐಸ್ ಪ್ಲಾಂಟಿನೊಳಗೆ ನೂಕಿ ಬೀಗ ಹಾಕುತ್ತಾರೆ. ಅಲ್ಲಿಗೆ ನಾರಿನ ಗಂಟು. ಮುಂಡಪ್ಪನಿಗೂ ಆ ವಾರ ನಿದ್ದೆ ಸರಿ ಬಂದಿರಲಿಲ್ಲ.

ಕೊನೆಯ ಶನಿವಾರ ಎಲ್ಲರೂ ಊಹೆ ಹೇಳಿದರು. ಮುಂಡಪ್ಪ ಅಳಿಯ ಎಂದ. ಸುಪ್ರೀತಾ ಪಾಲುದಾರ ಎಂದಳು. ಜಲಜಾಕ್ಷಿ "ನಂಗೆ ಗೊತ್ತಾಗುವುದಿಲ್ಲಪ್ಪ" ಎಂದಳು. ಇದಿನಬ್ಬ ಮೇಜಿನ ಮೇಲೆ ಬೆರಳು ಊರಿ, "ಡ್ರೈವರ್. ಲಾರಿ ಕೆಟ್ಟು ನಿಂತಿತ್ತು ಅಂತಾನೆ, ಆದ್ರೆ ಅದರಲ್ಲಿದ್ದ ಐಸು ಕರಗಿದ್ದು ಯಾರಿಗೂ ಕಾಣಲಿಲ್ಲ" ಎಂದ.

ಸರಸ ಪುಸ್ತಕ ತೆಗೆದುಕೊಂಡಳು. ಗಂಟಿನ ಮೇಲೆ ಕೈ ಇಟ್ಟವಳು ಹಾಗೇ ನಿಂತಳು.

"ಇದು ನಾನು ಹಾಕಿದ ಗಂಟಲ್ಲ."

ಎಲ್ಲರೂ ಬಗ್ಗಿ ನೋಡಿದರು. ಎಳೆದರೆ ಬಿಚ್ಚಿಕೊಳ್ಳುವ ಮಲ್ಲಿಗೆಯ ಗಂಟು ಅಲ್ಲಿರಲಿಲ್ಲ. ಒಣಗಿದ ನಾರಿನ ಎರಡು ತುದಿಗಳನ್ನು ಬಿಗಿದು, ಮೇಲಿಂದ ಮೇಲೆ ಗಂಟು ಹಾಕಿದ್ದರು.

ಮುಂಡಪ್ಪ ಜೋರಾಗಿ ನಕ್ಕ. "ಅಯ್ಯೋ, ಇದು ಗಲ್ಫ್ ಬಾಕ್ಸ್ ಕಟ್ಟಿದ ಹಾಗೆ ಉಂಟಲ್ಲ ಮಾರಾಯ್ರೇ! ಇನ್ನು ಮೇಲೆ ಹೆಸರು, ಅಡ್ರೆಸ್ ಬರೆದ್ರೆ ಸೀದಾ ಏರ್‌ಪೋರ್ಟಿಗೆ."

ಎಲ್ಲರೂ ನಕ್ಕರು. ಇದಿನಬ್ಬನೂ ನಕ್ಕ. ಊರಿಗೆ ಹೊರಡುವವರ ರಟ್ಟಿನ ಪೆಟ್ಟಿಗೆಗೆ ನೈಲಾನ್ ಹಗ್ಗ ಬಿಗಿಯಲು ಕ್ಯಾಂಪಿನವರೆಲ್ಲ ಅವನನ್ನೇ ಕರೆಯುತ್ತಿದ್ದ ಕಥೆಯನ್ನು ಅವನೇ ಇವರಿಗೆ ಹೇಳಿದ್ದ. ಸರಸ ಕತ್ತರಿಯಿಂದ ನಾರು ಕತ್ತರಿಸಿ ಓದಿದಳು. ಹುಡುಗಿ ಬದುಕಿದಳು. ಕೊಂದವನು ಡ್ರೈವರ್.

ಈಗ ಯಾರೂ ನಗಲಿಲ್ಲ. ಮುಂಡಪ್ಪ ಗಂಟಲು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದ. ಸುಪ್ರೀತಾ ಮೊಬೈಲು ತೆಗೆದಳು. ಸರಸ, "ಇರ್ಲಿ, ನಾರು ಒಣಗಿ ತುಂಡಾಗಿರಬೇಕು, ಯಾರೋ ಕಟ್ಟಿರಬೇಕು" ಎಂದಳು. ಆದರೆ ಕಟ್ಟಿದ್ದು ನಾನು ಎಂದು ಯಾರೂ ಹೇಳಲಿಲ್ಲ. ಪುಸ್ತಕ ಕೊನೆಗೆ ಇದ್ದದ್ದು ಇದಿನಬ್ಬನ ಮನೆಯಲ್ಲಿ. ಊಹೆ ಸರಿಯಾದದ್ದೂ ಅವನೊಬ್ಬನದೇ.

ಮನೆಗೆ ನಡೆಯುವಾಗ ಅವನಿಗೆ ದಮ್ಮಾಮಿನ ಒಂದು ಬೆಳಿಗ್ಗೆ ನೆನಪಾಯಿತು. ಸ್ಟೋರಿನಿಂದ ಒಂದು ಡ್ರಿಲ್ ಮೆಷಿನ್ ಕಾಣೆಯಾಗಿತ್ತು. ಅವನು ಮೊದಲ ಸಲ ಊರಿಗೆ ಹೊರಟಿದ್ದ ದಿನ. ಹಗ್ಗ ಬಿಗಿದಿಟ್ಟ ಅವನ ಪೆಟ್ಟಿಗೆಯನ್ನು ಎಲ್ಲರೆದುರು ಬಿಚ್ಚಿಸಿ, ನಫೀಸಮ್ಮನಿಗೆಂದು ತೆಗೆದ ಬಟ್ಟೆಗಳನ್ನು ಒಂದೊಂದಾಗಿ ನೆಲಕ್ಕೆ ಹಾಕಿ ನೋಡಿದ್ದರು. ಆಮೇಲೆ ಮೆಷಿನ್ ಬೇರೆ ಸೈಟಿನ ಗಾಡಿಯಲ್ಲಿ ಸಿಕ್ಕಿತು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಅವತ್ತು ಅವನಿಗೆ ಇಪ್ಪತ್ತರ ಹರೆಯ. ಬಟ್ಟೆ ಕೊಡವಿ, ಮಡಚಿ, ವಿಮಾನ ಹತ್ತಿದ್ದ. ಈಗ ಗಡ್ಡ ಬಿಳಿಯಾದ ಮೇಲೆ ಅದೇ ಸಂಶಯ ಬೆನ್ನಿಗೆ ಬಿದ್ದರೆ ಕೊಡವಿಕೊಳ್ಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಮುಂದಿನ ಶನಿವಾರ ಅವನು ಹೋಗಲಿಲ್ಲ. ಅದರ ಮರುವಾರವೂ ಹೋಗಲಿಲ್ಲ.

"ಅಂಗಿ ಇಸ್ತ್ರಿಗೆ ಕೊಡುವುದಿಲ್ಲವಾ?" ಎಂದು ನಫೀಸಮ್ಮ ಕೇಳಿದಳು.

"ಮೊಣಕಾಲು ನೋವು."

"ಮಸೀದಿಗೆ ಹೋಗುವಾಗ ಇಲ್ಲದ ನೋವು ಲೈಬ್ರರಿಗೆ ಹೋಗುವಾಗ ಹೇಗೆ ಬರ್ತದೆ? ಅಲ್ಲಿ ಮೆಟ್ಟಿಲು ಜಾಸ್ತಿ ಉಂಟಾ?"

ಅವನು ಅಂಗಳಕ್ಕೆ ನಡೆದ.

ಒಂದು ಮಧ್ಯಾಹ್ನ ಗೇಟಿನ ಎದುರು ರಿಕ್ಷಾ ನಿಂತಿತು. ಇಳಿದವಳು ಜಲಜಾಕ್ಷಿ. ಕೈಯಲ್ಲಿ ಹೋಟೆಲಿನ ಬನ್ಸಿನ ಕಟ್ಟು, ಕಂಕುಳಲ್ಲಿ ಹೊಸ ಪುಸ್ತಕ. ನಫೀಸಮ್ಮ ಒಳಗೆ ಚಹಾಕ್ಕೆ ನೀರಿಡಲು ಹೋದಳು.

"ನಿಮ್ಮ ಸರದಿ ಬಂತು ಇದಿನಬ್ಬಾಕ. ನೀವು ಬರುವುದಿಲ್ಲ ಅಂತ ನಾನೇ ತಂದೆ" ಎಂದು ಜಲಜಾಕ್ಷಿ ಜಗಲಿಯ ಕುರ್ಚಿಯಲ್ಲಿ ಕೂತಳು. ಪುಸ್ತಕ ಮಾತ್ರ ಕೊಡಲಿಲ್ಲ. ಮಡಿಲಲ್ಲಿಟ್ಟು ಅದರ ರಟ್ಟನ್ನು ಸವರುತ್ತಾ ಇದ್ದಳು. "ಅವತ್ತು ನಾರು ಬಿಚ್ಚಿದ್ದು ನಾನು."

"ನನಗೆ ಗೊತ್ತು" ಎಂದ ಇದಿನಬ್ಬ.

ಅವಳು ತಲೆ ಎತ್ತಿದಳು. "ಹೇಗೆ?"

"ಹುಡುಗಿಯನ್ನು ಐಸಿನೊಳಗೆ ಹಾಕಿ ಬೀಗ ಹಾಕಿದ್ದಾರೆ. ಮುಂಡಪ್ಪಣ್ಣನಂಥವರು ಬೆವರ್ತಾ ಇದ್ದಾರೆ. ಅದರ ಹಿಂದಿನ ಶನಿವಾರ ನೀವು ಪುಸ್ತಕ ನನ್ನ ಕೈಗೆ ಕೊಟ್ಟು, ಚಹಾಕ್ಕೆ ಸಕ್ಕರೆ ಕಡಿಮೆ ಆಯ್ತು ಅಂದ್ರಿ. ನೀವು ಹಾಗೆ ಕೂರುವವರಲ್ಲ. ಅವಳು ಬದುಕ್ತಾಳೆ ಅಂತ ನಿಮಗೆ ಗೊತ್ತಿತ್ತು."

ಜಲಜಾಕ್ಷಿಗೆ ನಗುವೂ ಅಳುವೂ ಒಟ್ಟಿಗೆ ಬಂತು. "ಅದೊಂದನ್ನೇ ನೋಡಿದ್ದು, ಆಣೆಗೂ. ಕೊಂದದ್ದು ಯಾರು ಅಂತ ನೋಡಲಿಲ್ಲ. ನನ್ನ ತಂಗಿಯನ್ನು ಮಂಗಳೂರಿಗೆ ಒಂದು ಸಣ್ಣ ಆಪರೇಶನ್ ಅಂತ ಕರ್ಕೊಂಡು ಹೋದದ್ದು. ನಾನು ಹೊರಗೆ ಬೆಂಚಲ್ಲಿ ಕೂತಿದ್ದೆ. ಈಗ ಬರ್ತಾಳೆ, ಈಗ ಬರ್ತಾಳೆ ಅಂತ. ಅವಳು ಬರಲೇ ಇಲ್ಲ. ಅಂದಿನಿಂದ ನಂಗೆ ಬಾಗಿಲಿನ ಹೊರಗೆ ಕೂರ್ಲಿಕ್ಕೆ ಆಗುವುದಿಲ್ಲ. ಪುಸ್ತಕದಲ್ಲಿ ಸಹ ಆಗುವುದಿಲ್ಲ. ಬಿಚ್ಚುವಾಗ ನಾರು ಒಣಗಿತ್ತು, ಪಟ್ ಅಂತ ತುಂಡಾಯಿತು. ಹೆದರಿ ಎರಡು ತುದಿ ಸೇರಿಸಿ ಬಿಗಿದೆ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಇನ್ನು ನೀವು ಬರುವುದು ಬೇಡ ಅಂದ್ರೆ? ಶನಿವಾರ ಬಿಟ್ರೆ ನಂಗೆ ಎಂತ ಉಂಟು ಹೇಳಿ? ಇಡ್ಲಿ, ಚಿಲ್ಲರೆ, ಇಡ್ಲಿ, ಚಿಲ್ಲರೆ." ಅವಳು ಮೂಗು ಒರೆಸಿಕೊಂಡಳು. "ನೀವು ಯಾಕೆ ಹೇಳಲಿಲ್ಲ ನನ್ನ ಹೆಸರು?"

ಆ ಹೆಸರು ಎಷ್ಟೋ ಸಲ ಇದಿನಬ್ಬನ ನಾಲಿಗೆಯ ತುದಿಗೆ ಬಂದಿತ್ತು. "ಸಕ್ಕರೆಯ ಮಾತು ಹಿಡಿದುಕೊಂಡು ಒಬ್ಬ ಹೆಂಗಸಿನ ಮೇಲೆ ಕೈ ತೋರಿಸುವುದಾ? ನನ್ನ ಮೇಲೆ ಕೈ ತೋರಿಸಿದಾಗ ಹೇಗಾಗ್ತದೆ ಅಂತ ನನಗೆ ಗೊತ್ತುಂಟು."

ಜಲಜಾಕ್ಷಿ ಕುರ್ಚಿಯನ್ನು ಹತ್ತಿರ ಎಳೆದಳು. ದನಿ ತಗ್ಗಿಸಿದಳು. "ಅದಕ್ಕೇ ಬಂದೆ. ಈ ಪುಸ್ತಕವನ್ನೂ ಬಿಚ್ಚಿದ್ದೇನೆ. ಮೊದಲ ದಿನವೇ. ಈ ಸಲ ನಾರಿಗೆ ನೀರು ಚಿಮುಕಿಸಿ, ಮೆತ್ತಗೆ ಮಾಡಿ ಬಿಚ್ಚಿದೆ. ಪುನಃ ಸರಸಕ್ಕ ಕಟ್ಟಿದ ಹಾಗೆಯೇ ಕಟ್ಟಿದ್ದೇನೆ, ನೋಡಿ, ಅವಳಿಗೂ ಗೊತ್ತಾಗುವುದಿಲ್ಲ. ನಾನು ಯಾರು ಅಂತ ಹೇಳ್ತೇನೆ, ನೀವು ಅಲ್ಲಿ ಹೇಳಿ. ಗಂಟು ಸರಿ ಇದ್ದು ನಿಮ್ಮ ಊಹೆಯೂ ಸರಿಯಾದ್ರೆ ಮುಂಡಪ್ಪಣ್ಣ ಬಾಯಿ ಮುಚ್ತಾರೆ. ಕೇಳಿ, ಕೊಂದದ್ದು..."

"ಅಲ್ಲಾ! ಬೇಡ ಜಲಜಕ್ಕ!" ಇದಿನಬ್ಬ ಎರಡೂ ಕಿವಿ ಮುಚ್ಚಿಕೊಂಡ.

ಚಹಾ ಹಿಡಿದು ಬಂದ ನಫೀಸಮ್ಮನಿಗೆ ಕಂಡದ್ದು ಕಿವಿಗೆ ಕೈ ಒತ್ತಿ ಕಣ್ಣು ಮುಚ್ಚಿದ ಗಂಡ. "ಎಂತ ಆಯ್ತು ಇವರಿಗೆ? ಮೊಣಕಾಲು ನೋವು ಕಿವಿಗೆ ಹತ್ತಿತಾ?"

"ಏನಿಲ್ಲ. ಕೊಲೆಯ ವಿಷಯ" ಎಂದ ಇದಿನಬ್ಬ. ನಫೀಸಮ್ಮ ಇಬ್ಬರನ್ನೂ ನೋಡಿ, ಇದು ತನಗೆ ಸೇರಿದ್ದಲ್ಲವೆಂಬಂತೆ ತಲೆ ಅಲ್ಲಾಡಿಸಿ ಒಳಗೆ ಹೋದಳು.

"ನೀವು ಹೇಳಿ, ನಾನು ಅದನ್ನೇ ಹೇಳಿದ್ರೆ ಆಗ ನಾನು ಖಂಡಿತ ಕಳ್ಳ" ಎಂದ ಅವನು, ಕೈ ಇಳಿಸಿ. "ಈಗ ಅವರಿಗೆ ಸಂಶಯ ಮಾತ್ರ. ನನಗೆ ನನ್ನ ಮೇಲೆ ಇಲ್ಲವಲ್ಲ. ಪುಸ್ತಕ ಕೊಡಿ. ನಾನು ಬರ್ತೇನೆ ಶನಿವಾರ. ಓದಿಯೇ ಬರ್ತೇನೆ."

"ನಾನೇ ಹೇಳಿಬಿಡಲಾ ಅವರಿಗೆ?"

"ಅದು ನಿಮಗೆ ಬಿಟ್ಟದ್ದು. ನಾನು ಕೇಳುವುದಿಲ್ಲ."

ಆ ವಾರ ಇದಿನಬ್ಬ ಓದಿದ ಹಾಗೆ ಪರೀಕ್ಷೆಗೂ ಯಾರೂ ಓದಿರಲಾರರು. ಕಾಫಿ ಎಸ್ಟೇಟಿನ ಯಜಮಾನನಿಗೆ ವಿಷ ಕೊಟ್ಟು ಕೊಂದ ಕಥೆ. ಮನೆಯಲ್ಲಿದ್ದವರು ಅವನ ತಂಗಿ, ಅವಳ ಮಗ, ಲೆಕ್ಕ ಬರೆಯುವ ರೈಟರ್, ಕಾಯಿಲೆ ನೋಡಿಕೊಳ್ಳಲು ಬಂದ ನರ್ಸ್. ಇದಿನಬ್ಬ ತಂಗಿಯನ್ನು ಬಿಟ್ಟ, ಅಳಿಯನನ್ನು ಮುಂಡಪ್ಪನಿಗೆ ಬಿಟ್ಟ. ಉಳಿದದ್ದು ರೈಟರ್ ಮತ್ತು ನರ್ಸ್. ಒಂದು ದಿನ ಇವನು ಅನಿಸಿದರೆ ಮರುದಿನ ಅವಳು. ಗಂಟು ಕಟ್ಟಿದ ಪುಟಗಳು ಬೆರಳಿಗೆ ಹತ್ತಿರವೇ ಇದ್ದವು. ಅವುಗಳ ಮೇಲೆ ಅವನು ತನ್ನ ಕನ್ನಡಕದ ಪೆಟ್ಟಿಗೆ ಇಟ್ಟುಕೊಂಡು ಓದಿದ.

ಶನಿವಾರ ಬಿಳಿ ಅಂಗಿ ಹಾಕಿಕೊಂಡು ಹೊರಟಾಗ ನಫೀಸಮ್ಮ ಮೊಣಕಾಲಿನ ಸುದ್ದಿ ತೆಗೆಯಲಿಲ್ಲ. ಅಂಗಿಯ ಕಾಲರು ಸರಿಮಾಡಿ ಬಾಗಿಲಲ್ಲಿ ನಿಂತಳು.

ಗ್ರಂಥಾಲಯದಲ್ಲಿ ಅವನನ್ನು ಕಂಡು ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ನಕ್ಕರು. ಮುಂಡಪ್ಪ ಕುರ್ಚಿ ಎಳೆದುಕೊಟ್ಟು, "ಬನ್ನಿ ಬನ್ನಿ, ನೀವಿಲ್ಲದೆ ಒಂಥರಾ ಆಗ್ತಿತ್ತು" ಎಂದ. ಸರಸ ಪುಸ್ತಕವನ್ನು ಮೇಜಿನ ನಡುವೆ ಇಟ್ಟಳು. ಯಾರೂ ಕೇಳದಿದ್ದರೂ, "ಗಂಟು ಸರಿ ಉಂಟು" ಎಂದಳು. ಹೇಳಿದ ಮೇಲೆ ಹೇಳಬಾರದಿತ್ತು ಅನಿಸಿರಬೇಕು, ಎದ್ದು ಫ್ಯಾನಿನ ಸ್ವಿಚ್ಚು ಒತ್ತಿದಳು.

ಮುಂಡಪ್ಪ ಅಳಿಯ ಎಂದ. ಸುಪ್ರೀತಾ ಅಷ್ಟು ಬೇಗ ಕೊಲ್ಲುವ ವಿಷ ತೋಟಕ್ಕೆ ಹೊಡೆಯುವ ಮದ್ದಿನಲ್ಲೇ ಇರಬೇಕೆಂದು ವಿವರಿಸಿ, ಅದರ ಬೀಗದ ಕೈ ಇರುವ ತಂಗಿ ಎಂದಳು. ಸರಸ ತನ್ನ ಸಂಶಯವೂ ತಂಗಿಯ ಮೇಲೆ ಎಂದಳು. ಜಲಜಾಕ್ಷಿ ಈ ಸಲವೂ ತನಗೆ ಗೊತ್ತಾಗುವುದಿಲ್ಲ ಎಂದಳು. ಇದಿನಬ್ಬನ ಸರದಿ ಬಂತು. ಹೊರಗೆ ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ಕೂಗುವುದು ಕೇಳಿಸಿತು.

"ರೈಟರ್" ಎಂದ ಅವನು.

ಹೇಳಿ ಸುಮ್ಮನೆ ಎದುರಿಗೆ ನೋಡಿದ. ಎದುರಿಗೆ ಜಲಜಾಕ್ಷಿ ಇದ್ದಳು. ಅವಳ ಮುಖದಿಂದ ರಕ್ತ ಇಳಿದುಹೋಗಿತ್ತು. ತುಟಿ ಒಂದು ಅಕ್ಷರಕ್ಕೆ ತೆರೆದು ಮುಚ್ಚಿತು. ಇದಿನಬ್ಬನಿಗೆ ಆ ಕ್ಷಣದಲ್ಲೇ ತಿಳಿಯಿತು. ರೈಟರ್ ಅಲ್ಲ. ಅಂದರೆ ನರ್ಸ್.

"ಅಂತಿಮವಾ ಇದಿನಬ್ಬಾಕ?" ಸರಸ ಕೇಳಿದಳು. ಅದೂ ಅವರ ಕ್ರಮವೇ. ನಾರು ಬಿಚ್ಚುವ ಮುಂಚೆ ಮಾತು ಒಮ್ಮೆ ಬದಲಿಸಬಹುದಿತ್ತು. "ಬದಲಿಸುವುದಾದ್ರೆ ಈಗ."

ಅವನ ಗಂಟಲಲ್ಲಿ ನರ್ಸ್ ಎಂಬ ಮಾತು ಬಂದು ಕೂತಿತು. ಅದನ್ನು ಹೇಳಿದರೆ ಸಾಕಿತ್ತು. ಗಂಟು ಸರಿ ಇದೆ, ಊಹೆಯೂ ಸರಿ. ಮುಂಡಪ್ಪ ಬೆನ್ನು ತಟ್ಟುತ್ತಾನೆ, ಅವನು ಮುಂದಿನ ಶನಿವಾರಕ್ಕೂ ಅಂಗಿ ಇಸ್ತ್ರಿಗೆ ಕೊಡಬಹುದು. ಅದು ಅವನದೇ ಎರಡು ಸಂಶಯಗಳಲ್ಲಿ ಒಂದು ತಾನೆ? ಆದರೆ ಅದು ಪುಸ್ತಕದಿಂದ ಬಂದದ್ದಲ್ಲ, ಜಲಜಾಕ್ಷಿಯ ಮುಖದಿಂದ ಕದ್ದದ್ದು.

"ಇಲ್ಲ. ಅದೇ. ರೈಟರ್."

ಸರಸ ನಾರು ಎಳೆದಳು, ಅದು ಮೆತ್ತಗೆ ಬಿಚ್ಚಿಕೊಂಡಿತು. ಅವಳು ಓದಿದಳು. ನರ್ಸ್ ಸಿಕ್ಕಿಬಿದ್ದಳು. ಸರಸ ಪುಸ್ತಕ ಮಡಚಿದಾಗ ಯಾರೂ ಇದಿನಬ್ಬನನ್ನು ನೋಡಲಿಲ್ಲ. ಮುಂಡಪ್ಪ ಮಾತ್ರ ಮೇಜನ್ನೇ ನೋಡುತ್ತಾ ಹೇಳಿದ, "ಗಂಟು ಸರಿ ಇದ್ದಾಗ ಊಹೆ ತಪ್ಪು. ಗಂಟು ಹಾಳಾದಾಗ..." ಅಲ್ಲಿಗೆ ನಿಲ್ಲಿಸಿದ. ಮುಂದೆ ಹೇಳುವ ಅಗತ್ಯ ಇರಲಿಲ್ಲ.

ಇದಿನಬ್ಬ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ಗಂಟು ಈ ಸಲವೂ ಹಾಳಾಗಿದೆ ಮುಂಡಪ್ಪಣ್ಣ" ಎಂದಳು ಜಲಜಾಕ್ಷಿ. ಎದ್ದು ನಿಂತಿದ್ದಳು. "ನಾನು ಬಿಚ್ಚಿದ್ದು, ನಾನೇ ಕಟ್ಟಿದ್ದು. ಆ ಸಲವೂ ನಾನೇ. ಆ ಸಲ ಹುಡುಗಿ ಬದುಕ್ತಾಳಾ ಅಂತ ನೋಡ್ಲಿಕ್ಕೆ, ಈ ಸಲ ಇವರಿಗೆ ಹೇಳ್ಲಿಕ್ಕೆ. ಮನೆಗೆ ಹೋಗಿ ಹೇಳ್ಲಿಕ್ಕೆ ಹೊರಟ್ರೆ ಇವರು ಕಿವಿ ಮುಚ್ಚಿಕೊಂಡ್ರು. ನಾನು ಮಾಡಿದ್ದು ಅಂತ ಮೊದಲೇ ಗೊತ್ತಿತ್ತು ಇವರಿಗೆ. ಬಾಯಿ ಬಿಡಲಿಲ್ಲ. ಇನ್ನು ನೀವು ಎಂತ ಬೇಕಾದ್ರೂ ಹೇಳಿ."

ಅವಳು ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು.

ಮುಂಡಪ್ಪನ ಮುಖ ಕೆಂಪಾಯಿತು. ಅವನು ಇದಿನಬ್ಬನ ಕಡೆ ತಿರುಗಿದ. "ಇದಿನಬ್ಬಾಕ, ಆ ಗಲ್ಫ್ ಬಾಕ್ಸಿನ ಮಾತು... ನನ್ನ ಬಾಯಿ ನಿಮಗೆ ಗೊತ್ತುಂಟಲ್ಲ. ತಪ್ಪಾಯ್ತು ಮಾರಾಯ್ರೇ."

ತಪ್ಪಾಯ್ತು ಎಂಬ ಆ ಮಾತು ಇದಿನಬ್ಬನೊಳಗೆ ತುಂಬ ದೂರದವರೆಗೆ ಇಳಿಯಿತು. ಅವನು ಕನ್ನಡಕ ಹಾಕಿಕೊಂಡು ನೋಡಿದ. ಈಗ ಎಲ್ಲರ ಕಣ್ಣು ಜಲಜಾಕ್ಷಿಯ ಮೇಲಿತ್ತು; ಸಿಟ್ಟಿನ ಕಣ್ಣಲ್ಲ, ಏನು ಮಾಡಬೇಕೆಂದು ತಿಳಿಯದ ಕಣ್ಣು. ಅವಳು ಬಾಗಿಲಿನ ಕಡೆ ಹೆಜ್ಜೆ ಇಟ್ಟಿದ್ದಳು.

"ಜಲಜಕ್ಕ, ಎಲ್ಲಿಗೆ ಹೊರಟದ್ದು? ಕೂತುಕೊಳ್ಳಿ" ಎಂದ ಇದಿನಬ್ಬ. "ನನಗೊಂದು ಗೊತ್ತಾಗಬೇಕು. ನಾವೆಲ್ಲ ಕಣ್ಣು ಕಟ್ಟಿಕೊಂಡು ಓದಿದ್ದು. ಕೊಂದದ್ದು ನರ್ಸ್ ಅಂತ ಗೊತ್ತಿದ್ದು ಈ ಪುಸ್ತಕ ಓದಿದವರು ನೀವೊಬ್ಬರೇ. ನಾನು ಎಲ್ಲಿ ತಪ್ಪಿದೆ? ಅವಳು ಎಲ್ಲಿ ಸಿಕ್ಕಿಬೀಳಬೇಕಿತ್ತು?"

ಜಲಜಾಕ್ಷಿ ನಿಂತಳು. ಹಿಂದೆ ತಿರುಗಿ, ಇವನು ತಮಾಷೆ ಮಾಡುತ್ತಿದ್ದಾನೋ ಎಂದು ನೋಡಿದಳು. ಆಮೇಲೆ ಮೆಲ್ಲಗೆ, "ಲೋಟ" ಎಂದಳು.

"ಯಾವ ಲೋಟ?" ಸುಪ್ರೀತಾ ಕೇಳಿದಳು.

"ಹಾಲಿನ ಲೋಟ. ಯಜಮಾನರು ಸತ್ತ ಬೆಳಿಗ್ಗೆ ಅವಳು ಲೋಟ ತೊಳೆದು ಬೋರಲು ಹಾಕ್ತಾಳೆ. ಹೃದಯ ನಿಂತು ಸತ್ರು ಅಂತ ಎಲ್ಲರೂ ತಿಳ್ಕೊಂಡಿರುವ ಹೊತ್ತದು. ಆ ಮನೆಯಲ್ಲಿ ಪಾತ್ರೆ ತೊಳೆಯುವುದು ಅವಳ ಕೆಲಸವೇ ಅಲ್ಲ, ಅದಕ್ಕೆ ಬೇರೆ ಆಳು ಉಂಟು. ಮತ್ತೆ ಅವಳಿಗೆ ಎಂತ ಅರ್ಜೆಂಟು?"

"ಎಲ್ಲಿ ಉಂಟು ಅದು? ನಾನು ಓದಿಲ್ಲ" ಎಂದ ಮುಂಡಪ್ಪ.

"ಓದಿದ್ದೀರಿ. ಅಳಿಯ ಎಲ್ಲಿದ್ದಾನೆ ಅಂತ ಹುಡುಕುವ ಭರದಲ್ಲಿ ಬಿಟ್ಟಿದ್ದೀರಿ."

ಸರಸ ನಗು ತಡೆಯಲಾರದೆ ಪುಸ್ತಕವನ್ನು ಮೇಜಿನ ಮೇಲೆ ಜಾರಿಸಿದಳು. ಜಲಜಾಕ್ಷಿ ಚೀಲವನ್ನು ನೆಲಕ್ಕಿಟ್ಟು, ಕೂತು, ಹಾಳೆ ಮಗುಚತೊಡಗಿದಳು. "ಇನ್ನೂ ಒಂದು ಉಂಟು, ನಿಲ್ಲಿ. ಬಾಗಿಲಿನ ಚಿಲಕದ್ದು." ಮುಂಡಪ್ಪ ಅವಳ ಹೆಗಲ ಮೇಲಿಂದ ಇಣುಕಿದ. ಸುಪ್ರೀತಾ ಮೇಜನ್ನು ಸುತ್ತಿ ಬಂದಳು. ಅಷ್ಟು ಹೊತ್ತು ಕನ್ನಡದಲ್ಲಿದ್ದ ಜಗಳ ಯಾವಾಗಲೋ ತುಳುವಿಗೆ ಜಾರಿತ್ತು. ಚಿಲಕ ಒಳಗಿನಿಂದಲೋ ಹೊರಗಿನಿಂದಲೋ ಎಂಬ ಪ್ರಶ್ನೆಗೆ ಮುಂಡಪ್ಪ ಎದ್ದು ಹೋಗಿ ಗ್ರಂಥಾಲಯದ ಬಾಗಿಲನ್ನೇ ಹಾಕಿ ತೆಗೆದು ತೋರಿಸುತ್ತಿದ್ದ.

"ಆ ಲೋಟದ ಪುಟ ಇನ್ನೊಮ್ಮೆ ತೆಗೀರಿ" ಎಂದು ಇದಿನಬ್ಬ ತನ್ನ ಕುರ್ಚಿಯನ್ನು ಜಲಜಾಕ್ಷಿಯ ಪಕ್ಕಕ್ಕೆ ಎಳೆದುಕೊಂಡ.